ಹುಡುಗ ಕಬಡ್ಡಿಯಲ್ಲಿ ಎಡ ಕಾರ್ನರ್. ಈಗ ಎಲ್ಲರೂ ರೈಡರ್ ಆಗು ಅಂತಿದ್ದಾರೆ. ಏನು ಮಾಡೋದು?

ಎಡಮೂಲೆ ಮಾವ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ವಿಷಯ ನನ್ನ ಅಕ್ಕನ ಮಗನದು. ದಾವಣಗೆರೆ, 17 ವರ್ಷ, ಸೆಕೆಂಡ್ ಪಿಯುಸಿ. ಐದು ಅಡಿ ಹತ್ತು ಇಂಚು, 68 ಕೆಜಿ. ಎಂಟನೇ ಕ್ಲಾಸಿನಿಂದ ಕಬಡ್ಡಿ ಹುಚ್ಚು, ಹತ್ತನೇ ಕ್ಲಾಸಿನಿಂದ ಎಡ ಕಾರ್ನರ್, ಅಂದರೆ ಎಡ ಮೂಲೆಯಲ್ಲಿ ನಿಂತು ದಾಳಿಗೆ ಬರುವ ರೈಡರ್‌ನನ್ನು ಹಿಡಿಯುವ ಜಾಗ. ಕಳೆದ ವರ್ಷ ಜಿಲ್ಲೆಯ ತಂಡದಲ್ಲಿ ರಾಜ್ಯ ಮಟ್ಟಕ್ಕೆ ಆಡಿ ಬಂದ. ಅವನ ಆಂಕಲ್ ಹೋಲ್ಡ್ (ಕಣಕಾಲಿನ ಹಿಡಿತ) ನೋಡಬೇಕು ನೀವು. ರೈಡರ್ ವಾಪಸ್ ತಿರುಗೋಣ ಅಂದುಕೊಳ್ಳುವಷ್ಟರಲ್ಲಿ ಇವನ ಕೈ ಹಿಮ್ಮಡಿ ಹತ್ತಿರ ಇರುತ್ತದೆ. ಸೋದರಮಾವ ಅಂತ ಹೊಗಳುತ್ತಿಲ್ಲ, ಎದುರಾಳಿ ತಂಡದವರೇ ಹೇಳಿದ್ದು.

ಆದರೆ ಈಗ ಮೂರು ತಿಂಗಳಿಂದ ಹಿಡಿತ ತಪ್ಪುತ್ತಿದೆ. ನಾನು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಮೊದಲು ಹತ್ತು ಸಲ ಕೈ ಹಾಕಿದರೆ ಆರು ಸಲ ಹಿಡಿಯುತ್ತಿದ್ದ. ಈಗ ಮೂರು. ಹುಡುಗ ಮಂಕಾಗಿದ್ದಾನೆ.

ಇಷ್ಟಾಗಿದ್ದೇ ತಡ, ಸಲಹೆಗಳು ಶುರು. ಟೀಮಿನ ಹುಡುಗರು ರೈಡರ್ ಆಗು ಅಂತಾರೆ. ಹೊರಗಿನ ಒಂದು ಅಕಾಡೆಮಿಯವರು ಫೋನ್ ಮಾಡಿ, 1 ಲಕ್ಷ 80 ಸಾವಿರ ಕಟ್ಟಿ, ವರ್ಷದೊಳಗೆ ಪ್ರೊ ಕಬಡ್ಡಿ ಟ್ರಯಲ್ಸ್ ಗ್ಯಾರಂಟಿ ಅಂದರು. ಭಾವ ಆಟ ಸಾಕು, ಸಿಇಟಿ ನೋಡಿಕೋ ಅಂತಾರೆ. ಪಿ.ಟಿ. ಮೇಷ್ಟ್ರದು ಒಂದೇ ಮಾತು: "ತಡೀರಿ." ಎಷ್ಟು ದಿನ ತಡೆಯಬೇಕು ಅಂತ ಅವರೂ ಹೇಳುವುದಿಲ್ಲ.

ಗೊತ್ತಿದ್ದವರು ದಾರಿ ಹೇಳಿ.

ಲೋನಾ ಕೊಟ್ಟವನು
ರೈಡರ್ ಮಾಡಿ. ದುಡ್ಡು, ಹೆಸರು, ಟಿವಿಯಲ್ಲಿ ಮುಖ ಎಲ್ಲ ಅಲ್ಲೇ. ಕಾರ್ನರ್‌ನ ಬೆನ್ನು ಮಾತ್ರ ಕಾಣಿಸುತ್ತದೆ.

ಹರಿಹರದ ಹಳೇ ಕಾರ್ನರ್
ತಮ್ಮಾ, ಪ್ರೊ ಕಬಡ್ಡಿ ಹರಾಜಿನಲ್ಲಿ ಮೊದಲು ಒಂದು ಕೋಟಿ ಮುಟ್ಟಿದವನು ಯಾರು ಗೊತ್ತಾ? ಫಜಲ್ ಅತ್ರಾಚಲಿ. ಇರಾನಿನವನು. ಆಡುವುದು ಎಡ ಕಾರ್ನರ್. ಆರನೇ ಸೀಸನ್‌ಗೆ ಯು ಮುಂಬಾ ತಂಡ ಕೊಟ್ಟಿದ್ದು. ಹತ್ತನೇ ಸೀಸನ್‌ನಲ್ಲಿ ಅದೇ ಇರಾನಿನ ಶಾದ್ಲೂಯಿಗೆ ಪುಣೆ ತಂಡ 2.35 ಕೋಟಿ ಕೊಟ್ಟಿತು, ಅವನೂ ಎಡ ಕಾರ್ನರ್. ಬೆನ್ನು ಕಾಣಿಸಿದರೂ ದುಡ್ಡು ಬರುತ್ತದೆ.

ಲೋನಾ ಕೊಟ್ಟವನು
ಶಾದ್ಲೂಯಿ ಆಲ್‌ರೌಂಡರ್ ಅಣ್ಣ. ರೈಡೂ ಹೋಗುತ್ತಾನೆ. ಅರ್ಧ ಸತ್ಯ ಹೇಳಬೇಡಿ. ಅದೇ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2.6 ಕೋಟಿ ದಾಟಿತು. ಅವನು ರೈಡರ್ ಅಲ್ವಾ?

ಹರಿಹರದ ಹಳೇ ಕಾರ್ನರ್
ಸರಿ, ಆಲ್‌ರೌಂಡರ್ ಅಂತಲೇ ಇಟ್ಟುಕೋ. ಅವನಿಗೆ ಬೆಲೆ ಬಂದಿದ್ದು ರೈಡಿಗಾ, ಹಿಡಿತಕ್ಕಾ? ನೀನೇ ಹೇಳು.

ಇನ್ನೊಂದು ಮಾತು. ಊರಿಗೆ ಹತ್ತು ಜನ ರೈಡರ್ ಸಿಗುತ್ತಾರೆ. ಎಲ್ಲ ಹುಡುಗರಿಗೂ ತೊಡೆ ತಟ್ಟಿ ಒಳಗೆ ಹೋಗುವ ಆಸೆ. ಮೂಲೆಯಲ್ಲಿ ಬಗ್ಗಿ ನಿಂತು, 30 ಸೆಕೆಂಡ್ ಸುಮ್ನೆ ಕಾದು, ಒಂದೇ ಒಂದು ಕ್ಷಣಕ್ಕೆ ಕೈ ಹಾಕುವ ತಾಳ್ಮೆ ಇರುವವನು ತಾಲ್ಲೂಕಿಗೆ ಒಬ್ಬ. ಅಂಥವನು ಸಿಕ್ಕಿರುವಾಗ ರೈಡರ್ ಮಾಡಿ ಅನ್ನುವುದು, ಅಡಿಕೆ ತೋಟ ಕಡಿದು ಮೆಕ್ಕೆಜೋಳ ಹಾಕಿದ ಹಾಗೆ.

ಚನ್ನಗಿರಿ ಅಡಿಕೆ
ಯಾರೋ ನನ್ನ ಕರೆದಂಗಾಯ್ತು.

ಏಳು ಸುತ್ತಿನವಳು
ದುರ್ಗದವಳಾಗಿ ಒಂದು ಮಾತು ಸೇರಿಸಲೇಬೇಕು. ಲೋಕದ ಮೊದಲ ಕಾರ್ನರ್ ನಮ್ಮ ಓಬವ್ವ. ಕಿಂಡಿ ಪಕ್ಕ ನಿಂತಳು. ಓಡಿ ಹೋಗಿ ಹೊಡೆಯಲಿಲ್ಲ. ತಲೆ ಒಳಗೆ ಬರುವವರೆಗೂ ಕಾದಳು. ಬಂದವನನ್ನು ಹೊಡೆದು, ಪಕ್ಕಕ್ಕೆ ಎಳೆದು ಹಾಕಿ, ಮತ್ತೆ ಅದೇ ಜಾಗದಲ್ಲಿ ಅದೇ ನಿಲುವು. ಇದೇ ತಾನೇ ಕಾರ್ನರ್ ಕೆಲಸ?

ಬೆಣ್ಣೆ ಜಾಸ್ತಿ
ಗಂಡ ಊಟಕ್ಕೆ ಹೋಗಿದ್ದ, ಇವಳು ಸಬ್‌ಸ್ಟಿಟ್ಯೂಟ್ ಆಗಿ ಇಳಿದಳು. ಅದನ್ನೂ ಸೇರಿಸಿ ಅಕ್ಕಾ.

ಏಳು ಸುತ್ತಿನವಳು
ಸಬ್‌ಸ್ಟಿಟ್ಯೂಟ್ ಆಗಿ ಇಳಿದು ಪಂದ್ಯವನ್ನೇ ಗೆಲ್ಲಿಸಿದಳು. ಅದನ್ನೂ ಸೇರಿಸು.

ಹಿಮದಲ್ಲಿ ದಾವಣಗೆರೆಯವ
ನಾನು ಹುಟ್ಟಿದ್ದು ಪಿ.ಜೆ. ಬಡಾವಣೆ, ಈಗ ಇರುವುದು ಟೊರೊಂಟೊ. ಸ್ವಲ್ಪ ದಾರಿ ತಪ್ಪಿಸುತ್ತೇನೆ, ಆದರೆ ವಾಪಸ್ ಕಬಡ್ಡಿಗೇ ಬರುತ್ತೇನೆ.

ಇಲ್ಲಿ ಐಸ್ ಹಾಕಿ ಆಟ ಅಂದರೆ ಊಟ ಬಿಡುವ ಜನ. ಪಕ್ಕದ ಮನೆಯ ಹುಡುಗನಿಗೆ 16 ವರ್ಷ, ಅವನೂ ಡಿಫೆನ್ಸ್. ಅವನ ಅಪ್ಪನ ಜೊತೆ ಚಳಿಗಾಲದಲ್ಲಿ ಬೆಳಗಿನ ಜಾವ ನಾನೂ ರಿಂಕ್‌ಗೆ ಹೋಗಿದ್ದೇನೆ. ಅಲ್ಲಿ ಕೋಚ್‌ಗಳು ಮತ್ತೆ ಮತ್ತೆ ಹೇಳುವುದು ಒಂದೇ: ಫಾರ್ವರ್ಡ್ ಬೇಗ ಹಣ್ಣಾಗುತ್ತಾನೆ, ಡಿಫೆನ್ಸ್‌ಮನ್ ನಿಧಾನ. ಯಾಕೆ ಅಂದರೆ ದಾಳಿ ಮಾಡುವವನು ತಾನು ಏನು ಮಾಡಬೇಕು ಅಂತ ಮೊದಲೇ ಅಂದುಕೊಂಡು ಬರಬಹುದು. ತಡೆಯುವವನು ಎದುರಿನವನನ್ನು ಓದಬೇಕು. ಓದುವುದು ಕಲಿಯಲು ನೂರಾರು ಪಂದ್ಯ ಬೇಕು.

ನಿಕ್ಲಾಸ್ ಲಿಡ್‌ಸ್ಟ್ರೋಮ್ ಅಂತ ಸ್ವೀಡನ್ನಿನ ಆಟಗಾರ. 1989ರ ಡ್ರಾಫ್ಟ್‌ನಲ್ಲಿ (ಎನ್‌ಎಚ್‌ಎಲ್ ಅನ್ನುವ ಇಲ್ಲಿನ ದೊಡ್ಡ ಲೀಗ್‌ನ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸುವುದು) ಅವನಿಗಿಂತ ಮೊದಲು 52 ಜನರನ್ನು ಆರಿಸಿದ್ದರು. ಡೆಟ್ರಾಯಿಟ್ ತಂಡ ಅವನನ್ನು ಕೂಡಲೇ ಕರೆಸಿಕೊಳ್ಳಲಿಲ್ಲ, ಎರಡು ವರ್ಷ ಸ್ವೀಡನ್ನಿನಲ್ಲೇ ಆಡಲು ಬಿಟ್ಟಿತು. 1991ರಲ್ಲಿ ಬಂದ. ಆಮೇಲೆ 20 ಸೀಸನ್ ಆಡಿದ. ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಏಳು ಸಲ. ಕೊನೆಯದು ಬಂದಾಗ 41 ವಯಸ್ಸು. ಮೈಮೇಲೆ ಬಿದ್ದು ಗುದ್ದುವ ಆಟವೇ ಅಲ್ಲ ಅವನದು, ನಿಲ್ಲುವ ಜಾಗದಲ್ಲೇ ಕೆಲಸ ಮುಗಿಸುತ್ತಿದ್ದ.

ಇನ್ನೊಬ್ಬ ಕೇಲ್ ಮಕಾರ್. ಇದನ್ನು ಭಾವನವರಿಗೆ ತೋರಿಸಿ. 2017ರಲ್ಲಿ ಇಡೀ ಡ್ರಾಫ್ಟ್‌ನಲ್ಲೇ ನಾಲ್ಕನೆಯವನಾಗಿ ಆರಿಸಿದರು. ಅವನು ಹೋಗಿದ್ದು ಕಾಲೇಜಿಗೆ. ಎರಡು ವರ್ಷ ಅಲ್ಲೇ ಆಡಿದ. 2019ರ ಏಪ್ರಿಲ್‌ನಲ್ಲಿ ಕಾಲೇಜು ಸೀಸನ್ ಮುಗಿಸಿ ನೇರ ಎನ್‌ಎಚ್‌ಎಲ್ ಪ್ಲೇಆಫ್‌ಗೆ ಇಳಿದು ಮೊದಲ ಪಂದ್ಯದಲ್ಲೇ ಗೋಲ್ ಹೊಡೆದ. 2022ರಲ್ಲಿ ಆ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದ, ನಾರಿಸ್ ಕೂಡ ಅದೇ ವರ್ಷ. ಪುಸ್ತಕ ಹಿಡಿದರೆ ಆಟ ಹೋಗುತ್ತದೆ ಅನ್ನುವವರಿಗೆ ಇದೇ ಉತ್ತರ.

ಬೆಣ್ಣೆ ಜಾಸ್ತಿ
ಅಲ್ಲಿ ಬೆಣ್ಣೆ ದೋಸೆ ಸಿಗುತ್ತಾ ಅಣ್ಣಾ?

ಹಿಮದಲ್ಲಿ ದಾವಣಗೆರೆಯವ
ಆ ಹೆಸರಿನಲ್ಲಿ ಏನೋ ಒಂದು ಸಿಗುತ್ತದೆ. ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಹಾಕಿ ಕೊಡುತ್ತಾರೆ. ಎದ್ದು ಬಂದೆ.

ಜಗಳೂರು ಜೋಳ
ಅರಿಶಿನ!! ಪಲ್ಯ ಬಿಳೀನೇ ಇರಬೇಕು. ಕೇಸು ಹಾಕಿ ಅವರ ಮೇಲೆ.

ಬೆಣ್ಣೆ ಜಾಸ್ತಿ
ಈ ಊರಿನಲ್ಲೇ ಈಗ ಕೆಲವರು ಬೆಣ್ಣೆ ಬದಲು ಏನೇನೋ ಸವರುತ್ತಿದ್ದಾರೆ, ಟೊರೊಂಟೊ ಬಿಡಿ.

ವೇದಿಕೆ ನಿರ್ವಾಹಕ
ದೋಸೆಗೆ ಬೇರೆ ಚರ್ಚೆ ಇದೆ, ಅಲ್ಲಿ ಈಗಾಗಲೇ ಮೂರು ಜನ ಮಾತು ಬಿಟ್ಟಿದ್ದಾರೆ. ಇಲ್ಲಿ ಕಬಡ್ಡಿ.

ಗರಡಿ ಮಣ್ಣು
ಹುಡುಗನನ್ನು ಆರು ತಿಂಗಳು ಗರಡಿಗೆ ಕಳಿಸಿ. ದಾವಣಗೆರೆ ಅಂದರೆ ಕುಸ್ತಿ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 68 ಕೆಜಿ ಹುಡುಗ ಕಾಲು ಹಿಡಿದ ಮೇಲೆ 80 ಕೆಜಿ ರೈಡರ್ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಹಿಡಿತ ತಪ್ಪುವುದಕ್ಕೆ ಕಾರಣ ಇದೇ. ಸೊಂಟದ ಬಲ ಸಾಲದು. ಸಪಾಟಿ, ದಂಡ, ಹಗ್ಗ ಹತ್ತುವುದು. ಮಣ್ಣು ಎಲ್ಲ ಕಲಿಸುತ್ತದೆ.

ಲೋನಾ ಕೊಟ್ಟವನು
ಕುಸ್ತಿಯಲ್ಲಿ ಮೂರು ನಿಮಿಷ ಒದ್ದಾಡಬಹುದು ಅಣ್ಣ. ಇಲ್ಲಿ ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಜೊತೆಗೆ ಪ್ರೊ ಕಬಡ್ಡಿ ಈಗ ಮ್ಯಾಟ್ ಮೇಲೆ. ಮಣ್ಣಿನಲ್ಲಿ ಕಾಲು ಜಾರಿ ಹೋಗುತ್ತದೆ, ಮ್ಯಾಟ್ ಮೇಲೆ ಕಚ್ಚಿ ನಿಲ್ಲುತ್ತದೆ. ಎರಡೂ ಬೇರೆ ಆಟ.

ಗರಡಿ ಮಣ್ಣು
ಈಗಿನ ಕುಸ್ತಿಯೂ ಮ್ಯಾಟ್ ಮೇಲೇ ಆಡುವುದು ತಮ್ಮಾ. ಗರಡಿಗೆ ಒಂದು ದಿನ ಬಂದು ನೋಡಿ ಆಮೇಲೆ ಮಾತಾಡು. ಹಾಲು ಕೊಡುತ್ತೇವೆ.

ಮಂಡಿಚಿಪ್ಪು
ಫಿಸಿಯೊಥೆರಪಿ ಮಾಡುತ್ತೇನೆ, ಚಿತ್ರದುರ್ಗ. ಇಬ್ಬರೂ ಜಗಳ ಬಿಡಿ, ಇಬ್ಬರ ಮಾತಿನಲ್ಲೂ ಸ್ವಲ್ಪ ಸರಿ ಇದೆ.

ಸೊಂಟ, ತೊಡೆಯ ಬಲ ಬೇಕು, ಗರಡಿ ಕೊಡುತ್ತದೆ. ಆದರೆ ಮಂಡಿಯನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಕಾರ್ನರ್ ಆಟಗಾರ ಬಗ್ಗಿದ ನಿಲುವಿನಿಂದ ಒಮ್ಮೆಗೇ ಮುಂದೆ ಹಾರುತ್ತಾನೆ. ಅವನ ಮೇಲೆ ರೈಡರ್ ಬೀಳುತ್ತಾನೆ, ರೈಡರ್ ಮೇಲೆ ಉಳಿದವರು. ಪಾದ ಮ್ಯಾಟ್‌ಗೆ ಕಚ್ಚಿಕೊಂಡಿದ್ದು ಮಂಡಿ ತಿರುಗಿದರೆ ಒಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುತ್ತದೆ. ಆಪರೇಷನ್ ಆದ ಮೇಲೆ ಆಟಕ್ಕೆ ಮರಳಲು ಕಡಿಮೆ ಅಂದರೂ ಒಂಬತ್ತು ತಿಂಗಳು. ಹಲವರು ಮರಳುವುದೇ ಇಲ್ಲ.

17ರ ಹುಡುಗನಿಗೆ ನಾನು ಹೇಳುವುದು: ಒಂಟಿ ಕಾಲಿನಲ್ಲಿ ಹಾರಿ ಮೆತ್ತಗೆ ಇಳಿಯುವ ಅಭ್ಯಾಸ, ತೊಡೆಯ ಹಿಂಭಾಗದ ಸ್ನಾಯುಗೆ ವ್ಯಾಯಾಮ, ಕುತ್ತಿಗೆ ಮತ್ತು ಭುಜ. ವಾರಕ್ಕೆ ಒಂದು ದಿನ ಪೂರ್ತಿ ರಜೆ. ರಜೆ ಅಂದರೆ ಕ್ರಿಕೆಟ್ ಆಡುವುದಲ್ಲ.

ಇನ್ನೊಂದು. ಹಬ್ಬದ ಸೀಸನ್‌ನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಅಂತ ಎಷ್ಟು ಆಡುತ್ತಾನೆ?

ಎಡಮೂಲೆ ಮಾವ
ಮೇಡಂ, ಕಳೆದ ಸಲ ಗಣಪತಿಯಿಂದ ದೀಪಾವಳಿವರೆಗೆ ಲೆಕ್ಕ ಹಾಕಿದರೆ 11 ಪಂದ್ಯಾವಳಿ. ಒಂದು ರಾತ್ರಿಗೆ ನಾಲ್ಕು ಮ್ಯಾಚ್ ಕೂಡ ಆಡಿದ್ದಾನೆ. ಫೈನಲ್ ಶುರುವಾಗುವಾಗ ಬೆಳಗಿನ ಜಾವ ಮೂರೂವರೆ.

ಮಂಡಿಚಿಪ್ಪು
ಅಯ್ಯೋ ದೇವರೇ.

ಹರಿಹರದ ಹಳೇ ಕಾರ್ನರ್
ಮೇಡಂ ಹೇಳಿದ್ದು ನೂರಕ್ಕೆ ನೂರು. ನನ್ನ ಕಥೆಯೇ ಸಾಕ್ಷಿ. 22ನೇ ವಯಸ್ಸಿನಲ್ಲಿ ಒಂದು ಬ್ಯಾಂಕಿನ ತಂಡಕ್ಕೆ ಸೆಲೆಕ್ಷನ್‌ಗೆ ಕರೆದಿದ್ದರು. ಆಗ ಬ್ಯಾಂಕುಗಳ ಕಬಡ್ಡಿ ತಂಡ ಅಂದರೆ ಕೆಲಸ, ಸಂಬಳ, ಮದುವೆ ಎಲ್ಲ ಒಟ್ಟಿಗೆ. ಸೆಲೆಕ್ಷನ್‌ಗೆ ಒಂಬತ್ತು ದಿನ ಇತ್ತು. ಊರ ಪಕ್ಕದ ಹಳ್ಳಿಯಲ್ಲಿ ಟೂರ್ನಮೆಂಟ್, ಮೊದಲ ಬಹುಮಾನ ಐದು ಸಾವಿರ ಮತ್ತು ಒಂದು ಟಗರು. ಗೆಳೆಯರು ಬಾ ಅಂದರು, ಹೋದೆ. ಸೆಮಿಫೈನಲ್‌ನಲ್ಲಿ ಮಂಡಿ ಟಪ್ ಅಂತು. ನೋವಿನಲ್ಲೂ ಫೈನಲ್ ಆಡಿದೆ, ಗೆದ್ದೆವು. ಟಗರು ತಿಂದೆವು. ಮಂಡಿ ಇವತ್ತಿಗೂ ಮಳೆ ಬರುವ ಮುಂಚೆ ಹೇಳುತ್ತದೆ.

ಜಗಳೂರು ಜೋಳ
ನಮ್ಮೂರಿಗೆ ಕಳಿಸಿ ಅಣ್ಣ ಆ ಮಂಡಿನ. ಮಳೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ ಇಲ್ಲಿ.

ಕಬಡ್ಡಿ ಹುಡುಗನ ತಾಯಿ
ನನ್ನ ಮಗನೂ ಆಡುತ್ತಾನೆ, ಬಲ ಕವರ್. ಅಕಾಡೆಮಿ ವಿಷಯಕ್ಕೆ ನಾನು ಹೇಳಲೇಬೇಕು. ಇದೇ ರೀತಿ ಫೋನ್ ನಮಗೂ ಬಂದಿತ್ತು. ಇದೇ ಗ್ಯಾರಂಟಿ. ಒಡವೆ ಅಡ ಇಟ್ಟು 90 ಸಾವಿರ ಕಟ್ಟಿದೆವು. ಹೋಗಿ ನೋಡಿದರೆ ಒಂದು ಹಾಲ್‌ನಲ್ಲಿ 40 ಹುಡುಗರು ಮಲಗುತ್ತಾರೆ, ಮ್ಯಾಟ್ ಒಂದು, ಕೋಚ್ ವಾರಕ್ಕೆ ಎರಡು ದಿನ ಬರುತ್ತಾರೆ. ಐದು ತಿಂಗಳಿಗೆ ಎಂಟು ಕೆಜಿ ಇಳಿದು ಮನೆಗೆ ಬಂದ. ದುಡ್ಡು ವಾಪಸ್ ಬರಲಿಲ್ಲ. ಟ್ರಯಲ್ಸ್ ಅಂತ ಕರೆದುಕೊಂಡು ಹೋಗಿದ್ದು ಅವರದೇ ಇನ್ನೊಂದು ಶಾಖೆಗೆ.

ಎಲ್ಲ ಅಕಾಡೆಮಿ ಹೀಗೆ ಅಂತ ಹೇಳುವುದಿಲ್ಲ. ಆದರೆ ಗ್ಯಾರಂಟಿ ಅಂದ ತಕ್ಷಣ ಫೋನ್ ಇಡಿ.

ಸೀಟಿ
ತಾಯಿ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಥಳೀಯ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತೇನೆ, ಹೀಗಾಗಿ ಈ ದಾರಿ ಸ್ವಲ್ಪ ಗೊತ್ತು.

ಟ್ರಯಲ್ಸ್ ಅನ್ನು ಯಾರೂ ಮಾರುವ ಹಾಗಿಲ್ಲ. ಸಾಮಾನ್ಯವಾಗಿ ಹುಡುಗರು ಕಣ್ಣಿಗೆ ಬೀಳುವುದು ಜೂನಿಯರ್ ರಾಷ್ಟ್ರೀಯ ಪಂದ್ಯಾವಳಿಯಲ್ಲಿ, ಖೇಲೋ ಇಂಡಿಯಾದಲ್ಲಿ, ಯೂನಿವರ್ಸಿಟಿ ಪಂದ್ಯಗಳಲ್ಲಿ. 2022ರಲ್ಲಿ ಶುರುವಾದ ಯುವ ಕಬಡ್ಡಿ ಸೀರೀಸ್ ಕೂಡ ಇದೆ. ಪ್ರೊ ಕಬಡ್ಡಿ ತಂಡಗಳು ಹೊಸ ಹುಡುಗರನ್ನು ಹರಾಜಿಗೆ ಮೊದಲೇ 'ನ್ಯೂ ಯಂಗ್ ಪ್ಲೇಯರ್ಸ್' ಅಂತ ನೇರವಾಗಿ ತೆಗೆದುಕೊಳ್ಳುತ್ತವೆ. ಇತ್ತೀಚಿನ ಹರಾಜುಗಳಲ್ಲಿ ಕೊನೆಯ ವರ್ಗದ ಮೂಲ ಬೆಲೆಯೇ 9 ಲಕ್ಷ. ಜೂನಿಯರ್ ಅಂದರೆ 20 ವಯಸ್ಸಿನೊಳಗೆ. ನಿಮ್ಮ ಹುಡುಗನಿಗೆ ಇನ್ನೂ ಮೂರು ವರ್ಷ ಇದೆ. ಓಡುವ ಅಗತ್ಯ ಏನಿದೆ?

ಮತ್ತೆ ಊರಲ್ಲೇ ಇದ್ದು ಮೇಲೆ ಬರಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ವಿನಯ್ ಕುಮಾರ್ ಇಲ್ಲಿನ ಆಟೋ ಡ್ರೈವರ್ ಮಗ. ಕರ್ನಾಟಕಕ್ಕೆ ಸತತ ಎರಡು ರಣಜಿ ಗೆದ್ದುಕೊಟ್ಟ ನಾಯಕ.

ಲೋನಾ ಕೊಟ್ಟವನು
ಕ್ರಿಕೆಟ್ ತರಬೇಡಿ. ಕ್ರಿಕೆಟ್‌ಗೆ ಇರುವ ವ್ಯವಸ್ಥೆ ಕಬಡ್ಡಿಗೆ ಎಲ್ಲಿದೆ?

ಸೀಟಿ
ಕಬಡ್ಡಿಯವರೇ ಬೇಕಾ? ಬಿ.ಸಿ. ರಮೇಶ್. ನಮ್ಮ ರಾಜ್ಯದವರು. ಕೋಚ್ ಆಗಿ 2019ರಲ್ಲಿ ಬಂಗಾಳಕ್ಕೆ, 2024ರಲ್ಲಿ ಪುಣೆಗೆ ಪ್ರೊ ಕಬಡ್ಡಿ ಗೆಲ್ಲಿಸಿಕೊಟ್ಟರು. ಆ ಪುಣೆ ತಂಡ ನೋಡಿದ್ದೀರಾ? ಹೆಚ್ಚಿನವರು ಎಳೇ ಹುಡುಗರು. ಸ್ಟಾರ್ ರೈಡರ್ ಒಬ್ಬನ ಮೇಲೆ ನಿಂತ ತಂಡ ಅಲ್ಲ ಅದು. ಹಿಡಿಯುವವರು ಒಟ್ಟಿಗೆ ಚಲಿಸುತ್ತಿದ್ದರು, ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ.

ಇನ್ನೊಂದು, ನಿಯಮ ಓದಿಸಿ. ಹುಡುಗರು ನಿಯಮ ಓದುವುದೇ ಇಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನೆನಪಿದೆಯಾ? ಪವನ್ ಯಾರನ್ನೂ ಮುಟ್ಟದೆ ಲಾಬಿಗೆ (ಅಂಕಣದ ಪಕ್ಕದ ಪಟ್ಟಿಗೆ) ಹೋದ, ಇರಾನಿನ ಡಿಫೆಂಡರ್‌ಗಳು ಅವನ ಹಿಂದೆಯೇ ಲಾಬಿಗೆ ನುಗ್ಗಿದರು. ರೈಡರ್ ಮಾತ್ರ ಔಟಾ, ಹಿಂದೆ ಹೋದವರೂ ಔಟಾ ಅಂತ ಆಟ ಬಹಳ ಹೊತ್ತು ನಿಂತೇ ಹೋಯಿತು. ಕೊನೆಗೆ ಭಾರತ 33-29. ಮುಟ್ಟುವ ಮುಂಚೆ ಲಾಬಿಗೆ ಕಾಲಿಡಬಾರದು ಅನ್ನುವುದು ಕಾರ್ನರ್‌ಗೆ ನಿದ್ದೆಯಲ್ಲೂ ಗೊತ್ತಿರಬೇಕು, ಯಾಕೆಂದರೆ ಲಾಬಿ ಪಕ್ಕದಲ್ಲೇ ಅವನು ನಿಲ್ಲುವುದು.

ಚನ್ನಗಿರಿ ಅಡಿಕೆ
ಆ ಫೈನಲ್ ನೆನಪಿಸಬೇಡಿ. ನಮ್ಮಪ್ಪ ಟಿವಿ ರಿಮೋಟ್ ಮುರಿದರು.

ಹರಿಹರದ ಹಳೇ ಕಾರ್ನರ್
ಈಗ ಹುಡುಗನ ಆಟಕ್ಕೆ ಬರೋಣ. ಮಾವನವರೇ, ಹಿಡಿತ ತಪ್ಪುತ್ತಿದೆ ಅಂದಿರಲ್ಲ, ಹೇಗೆ ತಪ್ಪುತ್ತಿದೆ? ಇದು ಮುಖ್ಯ.

ಕಾರ್ನರ್ ಹಿಡಿತ ತಪ್ಪುವುದು ಮೂರು ಥರ. ಒಂದು, ಅವಸರ. ರೈಡರ್ ಇನ್ನೂ ಎರಡೂ ಕಾಲಿನ ಮೇಲೆ ಭದ್ರವಾಗಿರುವಾಗ ಕೈ ಹಾಕುವುದು. ಟಿವಿಯವರು ಅಡ್ವಾನ್ಸ್ ಟ್ಯಾಕಲ್ ಅಂತಾರೆ. ಅವನು ಹಾರಿ ಹೋಗುತ್ತಾನೆ. ಬೋನಸ್ ಅಂಕಕ್ಕೆ ಬಂದವನನ್ನು ನೋಡಿ, ಒಂದು ಕಾಲು ಗೆರೆ ದಾಟಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅಂದರೆ ಆ ಕ್ಷಣಕ್ಕೆ ಅವನು ಒಂಟಿ ಕಾಲಿನ ಕೊಕ್ಕರೆ. ಕಾರ್ನರ್‌ನ ಹೊಟ್ಟೆಪಾಡು ಆ ಒಂದು ಕ್ಷಣ. ಬೋನಸ್ ಇರುವುದು ಆರು ಅಥವಾ ಏಳು ಜನ ಅಂಕಣದಲ್ಲಿದ್ದಾಗ ಮಾತ್ರ, ಹೀಗಾಗಿ ಐದಕ್ಕೆ ಇಳಿದ ಮೇಲೆ ಲೆಕ್ಕವೇ ಬೇರೆ.

ಎರಡು, ತಡ. ಭಯ ಬಿದ್ದವನು ತಡ ಮಾಡುತ್ತಾನೆ.

ಮೂರು, ಹಿಡಿದ ಮೇಲೆ ಬಿಟ್ಟು ಹೋಗುವುದು. ಕೈ ಸರಿಯಾದ ಹೊತ್ತಿಗೇ ಬಿದ್ದಿದೆ, ಕಾಲೂ ಸಿಕ್ಕಿದೆ, ಆದರೆ ರೈಡರ್ ಕೊಡವಿಕೊಂಡು ಹೋಗುತ್ತಾನೆ.

ನಿಮ್ಮ ಹುಡುಗನದು ಯಾವುದು? ನೋಟ್‌ಬುಕ್ ತೆಗೀರಿ.

ಎಡಮೂಲೆ ಮಾವ
ಅಣ್ಣ, ಈಗ ಕೂತು ನೋಡಿದೆ. ಅರ್ಧ ಗಂಟೆ ಹಿಡಿಯಿತು. ಕಳೆದ 40 ಪ್ರಯತ್ನದಲ್ಲಿ ತಪ್ಪಿದ್ದು 27. ಅದರಲ್ಲಿ 19ಕ್ಕೆ ನಾನು 'ಹಿಡಿದು ಬಿಟ್ಟ' ಅಂತ ಬರೆದಿದ್ದೇನೆ. ಅವಸರ ಐದು, ಉಳಿದಿದ್ದು ತಡ. ಇಷ್ಟು ದಿನ ಒಟ್ಟು ಲೆಕ್ಕ ಮಾತ್ರ ನೋಡುತ್ತಿದ್ದೆ.

ಗರಡಿ ಮಣ್ಣು
ನಾನು ಹೇಳಲಿಲ್ವಾ! ಬಲ ಸಾಲದು.

ಮಂಡಿಚಿಪ್ಪು
ಮೂರು ತಿಂಗಳ ಹಿಂದೆ ಸಾಲುತ್ತಿದ್ದ ಬಲ ಈಗ ಹೇಗೆ ಕಡಿಮೆಯಾಗುತ್ತದೆ? ಜ್ವರ, ಪೆಟ್ಟು ಏನಾದರೂ ಆಗಿತ್ತಾ? ತೂಕ ಇಳಿದಿದೆಯಾ? ಜಿಮ್‌ನವರು ಕೊಟ್ಟ ಪೌಡರ್ ಏನಾದರೂ ತೆಗೆದುಕೊಳ್ಳುತ್ತಿದ್ದಾನಾ?

ಎಡಮೂಲೆ ಮಾವ
ಇಲ್ಲ ಮೇಡಂ. ತೂಕ ಎರಡು ಕೆಜಿ ಜಾಸ್ತಿಯೇ ಆಗಿದೆ. ಪೌಡರ್ ಬೇಡ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ಮೊಟ್ಟೆ, ರಾಗಿಮುದ್ದೆ, ಶೇಂಗಾ. ಮಿರ್ಚಿ ಮಂಡಕ್ಕಿ ಭಾನುವಾರ ಮಾತ್ರ (ಅವನು ಹೇಳುವುದು).

ಮಂಡಿಚಿಪ್ಪು
ಒಳ್ಳೆಯದು. ಡಬ್ಬಿ ಮೇಲೆ ಬರೆಯದೇ ಇರುವುದೂ ಡಬ್ಬಿಯೊಳಗೆ ಇರುತ್ತದೆ. ಮುಂದೆ ಉದ್ದೀಪನ ಮದ್ದು ಪತ್ತೆ ಮಾಡುವ ನಾಡಾ ಸಂಸ್ಥೆಯವರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನನಗೆ ಗೊತ್ತಿರಲಿಲ್ಲ ಅಂದರೂ ಕೇಳುವುದಿಲ್ಲ.

ಹಿಮದಲ್ಲಿ ದಾವಣಗೆರೆಯವ
ನನಗೆ ಒಂದು ಅನುಮಾನ. ಇಲ್ಲಿ ಐಸ್ ಹಾಕಿಯಲ್ಲಿ ಗೋಲ್ ಕೀಪರ್ ಬಿಟ್ಟು ಒಂದು ಸಲಕ್ಕೆ ಐದು ಜನ ಇಳಿಯುತ್ತಾರೆ. ಮೂವರು ಫಾರ್ವರ್ಡ್, ಇಬ್ಬರು ಡಿಫೆನ್ಸ್. ಆ ಇಬ್ಬರು ಯಾವಾಗಲೂ ಜೋಡಿ. ಒಂದು ಪಂದ್ಯಕ್ಕೆ ಮೂರು ಜೋಡಿ ಇರುತ್ತದೆ, ಮುಕ್ಕಾಲು ನಿಮಿಷಕ್ಕೊಮ್ಮೆ ಜೋಡಿಯೇ ಬದಲಾಗಿ ಇಳಿಯುತ್ತದೆ. ಹೊಸ ಹುಡುಗನನ್ನು ತಂದರೆ ಅವನ ಪಕ್ಕ ನಿಧಾನಸ್ಥ ಹಳಬನನ್ನು ಹಾಕುತ್ತಾರೆ. ಜೋಡಿ ಮುರಿದರೆ ಒಳ್ಳೆ ಆಟಗಾರನೂ ಪೆದ್ದನ ಹಾಗೆ ಕಾಣಿಸುತ್ತಾನೆ. ಒಬ್ಬ ಎದುರಿನವನನ್ನು ಗೋಡೆ ಕಡೆಗೆ ತಳ್ಳಿಕೊಂಡು ಹೋಗುತ್ತಾನೆ, ಇನ್ನೊಬ್ಬ ಅಲ್ಲಿ ಪಕ್ ಅನ್ನುವ ಬಿಲ್ಲೆ ಕಸಿಯುತ್ತಾನೆ. ಒಬ್ಬನೇ ಎರಡೂ ಮಾಡಲು ಆಗುವುದಿಲ್ಲ.

ನಿಮ್ಮ ಹುಡುಗನ ಪಕ್ಕ ಯಾರು ನಿಲ್ಲುತ್ತಾರೆ?

ಹರಿಹರದ ಹಳೇ ಕಾರ್ನರ್
ಅರೆ! ನಾನೇ ಕೇಳಬೇಕಿತ್ತು ಇದನ್ನು. ಎಡ ಕವರ್ ಯಾರು? ಬದಲಾಗಿದ್ದಾನಾ?

ಓದುವವರಿಗೆ ಹೇಳುತ್ತೇನೆ. ಕಾರ್ನರ್ ಕಾಲು ಹಿಡಿಯುತ್ತಾನೆ, ನಿಲ್ಲಿಸುತ್ತಾನೆ ಅಷ್ಟೇ. ಮುಗಿಸುವುದು ಕವರ್. ಕಾಲು ಸಿಕ್ಕ ಅರ್ಧ ಸೆಕೆಂಡಿನೊಳಗೆ ಕವರ್ ಬಂದು ಡ್ಯಾಶ್ ಕೊಟ್ಟು ಹೊರಗೆ ತಳ್ಳಬೇಕು, ಇಲ್ಲ ನಡುಗೆರೆ ಕಡೆಗೆ ಅಡ್ಡ ನಿಲ್ಲಬೇಕು. ಇಬ್ಬರ ನಡುವಿನ ಜಾಗವಾದ ಇನ್‌ನಲ್ಲಿ ಸಾಮಾನ್ಯವಾಗಿ ರೈಡರ್ ನಿಂತಿರುತ್ತಾನೆ, ಅವನ ಮೇಲೆ ಜಾಸ್ತಿ ನಂಬಿಕೆ ಇಡುವ ಹಾಗಿಲ್ಲ.

ಸುರೇಂದರ್ ನಾಡಾ, ಮೋಹಿತ್ ಛಿಲ್ಲರ್ ನೆನಪಿದ್ದಾರಾ? ಒಬ್ಬ ಎಡ ಮೂಲೆ, ಒಬ್ಬ ಬಲ ಮೂಲೆ. ಯು ಮುಂಬಾದಲ್ಲಿ ಒಟ್ಟಿಗೆ ಆಡಿದರು, ಆಮೇಲೆ ನಮ್ಮ ಬೆಂಗಳೂರು ಬುಲ್ಸ್‌ನಲ್ಲಿ ಒಟ್ಟಿಗೆ, ಆಮೇಲೆ ಹರಿಯಾಣದಲ್ಲಿ ಒಟ್ಟಿಗೆ. ತಂಡಗಳು ಎತ್ತಿನ ಜೋಡಿ ಕೊಂಡ ಹಾಗೆ ಕೊಂಡವು.

ಎಡಮೂಲೆ ಮಾವ
ಅಣ್ಣಾ... ಬದಲಾಗಿದ್ದಾನೆ.

ಎಡ ಕವರ್‌ನಲ್ಲಿ ಇವನ ಗೆಳೆಯನೇ ಆಡುತ್ತಿದ್ದ. ಎಂಟನೇ ಕ್ಲಾಸಿನಿಂದ ಇಬ್ಬರೂ ಜೊತೆ. ಆ ಹುಡುಗನಿಗೆ ಈಗ 18 ತುಂಬಿದೆ, ಪಿಯುಸಿ ಮುಗಿಯಿತು, ಮನೆಯಲ್ಲಿ ಕಷ್ಟ. ಅಪ್ಪನ ಜೊತೆ ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋಗುತ್ತಿದ್ದಾನೆ. ರಾತ್ರಿ ಕೆಲಸ. ನಮ್ಮ ಪ್ರಾಕ್ಟೀಸ್ ಬೆಳಗ್ಗೆ ಐದೂವರೆಗೆ. ಅವನು ಭಟ್ಟಿಯಿಂದ ಬರುವುದೇ ಆ ಹೊತ್ತಿಗೆ. ಎರಡು ವಾರ ಹಾಗೇ ಬಂದು ಆಡಿದ, ಆಮೇಲೆ ನಿಂತುಬಿಟ್ಟ. ಅದಾಗಿ ಸರಿಯಾಗಿ ಮೂರು ತಿಂಗಳು.

ಈಗ ಕವರ್‌ನಲ್ಲಿ ಒಬ್ಬ ರೈಡರ್ ಹುಡುಗನನ್ನು ನಿಲ್ಲಿಸಿದ್ದಾರೆ. ಅವನು ಕಾಲು ಸಿಕ್ಕಿದ್ದನ್ನು ನೋಡುತ್ತಾ ನಿಲ್ಲುತ್ತಾನೆ. ನೋಟ್‌ಬುಕ್‌ನಲ್ಲಿ ನಮ್ಮ ಹುಡುಗನ ಲೆಕ್ಕ ಬರೆದೆ, ಪಕ್ಕದವನ ಹೆಸರೂ ಬರೆದಿಲ್ಲ ನಾನು.

ಲೋನಾ ಕೊಟ್ಟವನು
ಸರಿ. ರೈಡರ್ ಮಾಡಿ ಅಂದಿದ್ದನ್ನು ವಾಪಸ್ ತಗೊಂಡೆ. ಅರ್ಧ ಮಾತ್ರ.

ಏಳು ಸುತ್ತಿನವಳು
ಹುಡುಗ ಯಾಕೆ ಇದನ್ನು ಹೇಳಲಿಲ್ಲ?

ಎಡಮೂಲೆ ಮಾವ
ಈಗ ಎಬ್ಬಿಸಿ ಕೇಳಿದೆ ಅಕ್ಕಾ. "ಅವನು ಬರದೇ ಇರೋದಕ್ಕೆ ನಾನು ಸೋತೆ ಅಂದ್ರೆ ಅವನಿಗೆ ಬೇಜಾರಾಗುತ್ತೆ ಮಾಮ" ಅಂದ. ಮಗ್ಗುಲು ತಿರುಗಿ ಮಲಗಿದ.

ಕಬಡ್ಡಿ ಹುಡುಗನ ತಾಯಿ
ಆ 1 ಲಕ್ಷ 80 ಸಾವಿರ ಯಾರಿಗೂ ಕೊಡಬೇಡಿ. ಪ್ರಾಕ್ಟೀಸ್ ಸಂಜೆಗೆ ಬದಲಾಯಿಸಲು ಮೇಷ್ಟ್ರನ್ನು ಕೇಳಿ. ಆ ಹುಡುಗ ಮಧ್ಯಾಹ್ನದವರೆಗೆ ಮಲಗಿ ಸಂಜೆ ಬರಬಹುದು. ಅವನ ಊಟದ ಖರ್ಚು ನೋಡಿಕೊಂಡರೆ ಸಾಕು, ನಾನೂ ಸ್ವಲ್ಪ ಕೊಡುತ್ತೇನೆ.

ಸೀಟಿ
ಆ ಹುಡುಗನನ್ನೂ ಕಾಲೇಜಿಗೆ ಸೇರಿಸುವ ದಾರಿ ನೋಡಿ. ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಕ್ರೀಡಾ ಮಕ್ಕಳನ್ನು ದತ್ತು ತೆಗೆದುಕೊಂಡು ಓದಿಸುತ್ತಾರೆ. ಇಬ್ಬರೂ ಒಟ್ಟಿಗೆ ಸೆಲೆಕ್ಷನ್‌ಗೆ ಹೋಗಲಿ. ಕಾರ್ನರ್-ಕವರ್ ಜೋಡಿ ಅಂದರೆ ಕೋಚ್‌ಗಳು ಎರಡು ಸಲ ನೋಡುತ್ತಾರೆ. ಯೂನಿವರ್ಸಿಟಿ ತಂಡದಲ್ಲಿ ಆಡಿದರೆ ಭಾವನವರ ಡಿಗ್ರಿ ಆಸೆಯೂ ತೀರುತ್ತದೆ.

ಗರಡಿ ಮಣ್ಣು
ಇಬ್ಬರನ್ನೂ ಮಂಗಳವಾರ, ಶುಕ್ರವಾರ ಗರಡಿಗೆ ಕಳಿಸಿ. ಫೀಸ್ ಇಲ್ಲ. ಬಲ ಬೇಕೇ ಬೇಕು, ನಾನು ಆ ಮಾತು ಬಿಡುವುದಿಲ್ಲ.

ಮಂಡಿಚಿಪ್ಪು
ಬಿಡಬೇಡಿ. ಮಂಡಿಗೆ ಮಾಡಬೇಕಾದ ವ್ಯಾಯಾಮದ ವಿಡಿಯೊ ನಾನು ಕಳಿಸುತ್ತೇನೆ, ಅದನ್ನೂ ಮಾಡಿಸಿ. ಮಾವನವರೇ, ಈ ಗಣಪತಿಗೆ ಮೂರಕ್ಕಿಂತ ಜಾಸ್ತಿ ಪಂದ್ಯಾವಳಿ ಇಲ್ಲ. ಬರೆದುಕೊಳ್ಳಿ.

ಎಡಮೂಲೆ ಮಾವ (ಹನ್ನೆರಡು ದಿನ ಆದ ಮೇಲೆ)
ಹೇಳಿ ಹೋಗೋಣ ಅಂತ ಬಂದೆ. ಮೇಷ್ಟ್ರು ಪ್ರಾಕ್ಟೀಸ್ ಸಂಜೆ ನಾಲ್ಕೂವರೆಗೆ ಮಾಡಿದರು. ತಡೀರಿ ಅಂದಿದ್ದು ಇದಕ್ಕೇನಾ ಅಂತ ಕೇಳಿದೆ. ನಕ್ಕರು, ಉತ್ತರ ಕೊಡಲಿಲ್ಲ.

ಕವರ್ ಹುಡುಗ ನಾಲ್ಕು ದಿನದಿಂದ ಬರುತ್ತಿದ್ದಾನೆ. ಕೈತುಂಬ ಭಟ್ಟಿಯ ಬೊಬ್ಬೆ, ಟೇಪ್ ಸುತ್ತಿಕೊಂಡು ಆಡುತ್ತಾನೆ. ಆಟ ಸ್ವಲ್ಪ ಮರೆತಿದ್ದಾನೆ. ಮೊದಲ ದಿನ ಇಬ್ಬರೂ ಒಟ್ಟಿಗೆ ಒಬ್ಬ ರೈಡರ್ ಮೇಲೆ ಬಿದ್ದು ತಲೆಗೆ ತಲೆ ಹೊಡೆದುಕೊಂಡರು. ನಿನ್ನೆ ಹನ್ನೊಂದು ಸಲ ಕೈ ಹಾಕಿದ್ದಕ್ಕೆ ಐದು ಹಿಡಿತ. ಈ ಸಲ ಇಬ್ಬರ ಹೆಸರಿಗೂ ಒಂದೊಂದು ಕಾಲಂ ಹಾಕಿದ್ದೇನೆ. ಸಿಇಟಿ ಕೋಚಿಂಗ್‌ಗೂ ಹೋಗುತ್ತಿದ್ದಾನೆ. ಭಾವ ಏನೂ ಅನ್ನಲಿಲ್ಲ. ನಿನ್ನೆ ಸಂಜೆ ಮೈದಾನದ ಗೇಟ್ ಹತ್ತಿರ ಅವರ ಸ್ಕೂಟರ್ ನಿಂತಿತ್ತು.

ಭಾನುವಾರ ಹರಿಹರದ ಅಣ್ಣ ಬಂದು ಕಾರ್ನರ್ ನಿಲುವು ತೋರಿಸುತ್ತಾರೆ. ಒಂದೇ ತೊಂದರೆ. ಇವರಿಬ್ಬರ ಎದುರು ರೈಡ್ ಮಾಡಲು ಒಬ್ಬರು ಬೇಕು. ಟೀಮಿನ ಹುಡುಗರ ಆಟ ಇವರಿಗೆ ಬಾಯಿಪಾಠ ಆಗಿದೆ.

ಲೋನಾ ಕೊಟ್ಟವನು
ನಾನು ಬರಲಾ? ರೈಡರ್. 42 ವಯಸ್ಸು, 91 ಕೆಜಿ.

ಸೀಟಿ
ಪ್ರೊ ಕಬಡ್ಡಿ ಮಿತಿ 85.

ಲೋನಾ ಕೊಟ್ಟವನು
ಇದು ಹೈಸ್ಕೂಲ್ ಮೈದಾನ ಸ್ವಾಮಿ.

ಮಂಡಿಚಿಪ್ಪು
ಮಂಡಿಗೆ ಕ್ಯಾಪ್ ಹಾಕಿಕೊಂಡು ಬನ್ನಿ. ನಾನೂ ಬರುತ್ತೇನೆ, ಐಸ್ ಪ್ಯಾಕ್ ತರುತ್ತೇನೆ. ಹುಡುಗರಿಗಲ್ಲ.

ಬೆಣ್ಣೆ ಜಾಸ್ತಿ
ಆಟ ಮುಗಿದ ಮೇಲೆ ದೋಸೆ ಎಲ್ಲಿ?

ವೇದಿಕೆ ನಿರ್ವಾಹಕ
ಬೇಡ ಅಂದಿದ್ದೆ. ನಾನೂ ಬರುತ್ತೇನೆ, ಅಲ್ಲೇ ಹೇಳುತ್ತೇನೆ.